ಯಾರ ಚಪ್ಪಲಿ ಇದು?

ಪೋಸ್ಟ್ 1

ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿ ವಾಪಸ್ ಬರುವಷ್ಟರಲ್ಲಿ ಮಾಯ ಆಗಿದ್ರೆ ನಮ್ಮನೇಲಿ ಯಾರೂ ಬೈಯಲ್ಲ. "ಹೋಗ್ಲಿ ಬಿಡು, ಶನಿ ಕಳೀತು" ಅಂತಾರೆ. ಹೊಸ ಜೋಡಿ ಹೋದರೆ ದೊಡ್ಡ ಶನಿ, ಉಂಗುಷ್ಠ ಕಿತ್ತದ್ದು ಹೋದರೆ ಸಣ್ಣ ಶನಿ. ಬರೀ ಒಂದು ಕಾಲಿಂದು ಕಳೆದರೆ ಏನು ಲೆಕ್ಕ ಅಂತ ಮಾತ್ರ ಇದುವರೆಗೂ ಯಾರೂ ಹೇಳಿಲ್ಲ.

ಒಂದು ಕಾಲಿಂದು ಕಳ್ಕೊಂಡ ಹುಡುಗಿ ನಿಮಗೆಲ್ಲ ಗೊತ್ತು. ಸಿಂಡ್ರೆಲಾ. ಗಾಜಿನ ಶೂ, ಕುಂಬಳಕಾಯಿ ರಥ, ರಾತ್ರಿ ಹನ್ನೆರಡು ಗಂಟೆ. ಟಿವೀಲಿ ಕಾರ್ಟೂನ್ ನೋಡಿ ಇದೊಂದು ಇಂಗ್ಲಿಷ್ ಕಥೆ ಅಂದುಕೊಂಡವರಲ್ಲಿ ನಾನೂ ಒಬ್ಬಳು. ಇಂಗ್ಲಿಷ್ ಅಲ್ಲ, ಫ್ರೆಂಚ್. ಆ ಗಾಜನ್ನೂ ಕುಂಬಳಕಾಯಿಯನ್ನೂ ಸೇರಿಸಿ ಬರೆದವನು ಶಾರ್ಲ್ ಪೆರೋ, 1697ರಲ್ಲಿ. ಅವನಿಗಿಂತ ಸುಮಾರು ಎಂಟೂವರೆ ಶತಮಾನ ಮೊದಲೇ ಈ ಕಥೆ ಚೀನಾದಲ್ಲಿ ಬರವಣಿಗೆಗೆ ಇಳಿದಿತ್ತು. ಅಲ್ಲಿ ರಥ ಇಲ್ಲ, ಗಂಟೆ ಇಲ್ಲ. ಒಂದು ಮೀನಿದೆ.

ಇನ್ನೊಂದು ವಿಷಯ. ನಮ್ಮ ಕನ್ನಡದಲ್ಲೂ ಒಬ್ಬ ಸಿಂಡ್ರೆಲಾ ಇದ್ದಾಳೆ. ಅವಳ ಹೆಸರು ಕೇಳಿದವರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಅಂತ ನೋಡಿದೆ. ಅರವತ್ತು ಜನರಲ್ಲಿ ಸೊನ್ನೆ. ಹೋದ ತಿಂಗಳ ತನಕ ನನ್ನನ್ನೂ ಸೇರಿಸಿ.

ಮೊದಲು ಚೀನಾಗೆ ಹೋಗೋಣ, ಆಮೇಲೆ ಉತ್ತರ ಕರ್ನಾಟಕ, ಕೊನೆಗೆ ನಮ್ಮ ಶೇಷಾದ್ರಿಪುರಂ. ಉದ್ದ ಇದೆ. ಸೇವ್ ಮಾಡ್ಕೊಂಡು ಇಂಟರ್ನಲ್ಸ್ ಮುಗಿದ ಮೇಲೆ ಓದಿದ್ರೂ ನಡೆಯುತ್ತೆ.

ಪೋಸ್ಟ್ 2

ಬರೆದಿಟ್ಟ ಪುಣ್ಯಾತ್ಮನ ಹೆಸರು ದುವಾನ್ ಚೆಂಗ್‌ಶಿ. ಟಾಂಗ್ ರಾಜವಂಶದ ಕಾಲದವನು, ತೀರಿಕೊಂಡಿದ್ದು 863ರಲ್ಲಿ. ಅಪ್ಪ ಚಕ್ರವರ್ತಿಯ ಮಂತ್ರಿ. ಮಗನೂ ಸರ್ಕಾರಿ ಅಧಿಕಾರಿಯೇ, ಆದರೆ ತಲೆ ಓಡ್ತಿದ್ದದ್ದೇ ಬೇರೆ ಕಡೆ. ವಿಚಿತ್ರ ಅನಿಸಿದ್ದನ್ನೆಲ್ಲ ಗುಡ್ಡೆ ಹಾಕೋದು ಅವನ ಹುಚ್ಚು. ಗಿಡ, ಪ್ರಾಣಿ, ದೆವ್ವ, ಪರದೇಶದ ಸುದ್ದಿ, ಜನ ಮೈಮೇಲೆ ಹಾಕಿಸಿಕೊಂಡ ಹಚ್ಚೆ, ಏನೂ ಬಿಟ್ಟಿಲ್ಲ. ಆ ಗುಡ್ಡೆಯ ಹೆಸರು 'ಯೌಯಾಂಗ್ ಜಾಜು'. ಇವತ್ತು ಬದುಕಿದ್ದಿದ್ರೆ ಅವನಿಗೆ ಹತ್ತು ಲಕ್ಷ ಫಾಲೋವರ್ಸ್ ಗ್ಯಾರಂಟಿ.

ಅದರೊಳಗೆ ಯೆ ಶಿಯೆನ್ ಅನ್ನೋ ಹುಡುಗಿಯ ಕಥೆ ಇದೆ. ಚಪ್ಪಲಿ ಕಳೆದು ರಾಣಿಯಾಗೋ ತನಕ ಪೂರ್ತಿ ಸಿಂಡ್ರೆಲಾ ಕಥೆ ಬರಹದಲ್ಲಿ ಸಿಗೋದು ಮೊದಲು ಇಲ್ಲೇ. (ಈಜಿಪ್ಟಿನ ರೋಡೋಪಿಸ್ ಬಗ್ಗೆ ಗ್ರೀಕರ ಸ್ಟ್ರಾಬೋ ಇನ್ನೂ ಎಂಟುನೂರು ವರ್ಷ ಹಿಂದೆಯೇ ಬರೆದಿದ್ದ. ಅವಳ ಚಪ್ಪಲಿಯನ್ನ ಹದ್ದು ಕಚ್ಚಿಕೊಂಡು ಹೋಗಿ ರಾಜನ ಮಡಿಲಿಗೆ ಹಾಕುತ್ತೆ. ಆದರೆ ಅಲ್ಲಿ ಮಲತಾಯಿ ಇಲ್ಲ, ಹಬ್ಬ ಇಲ್ಲ. ಚಪ್ಪಲಿ, ಹದ್ದು, ಮದುವೆ, ಮುಗೀತು.)

ದುವಾನ್ ಈ ಕಥೆಯನ್ನ ಕಟ್ಟಿದವನಲ್ಲ, ಕೇಳಿದವನು. ಅವನ ಮನೆಯಲ್ಲಿ ಮೊದಲು ಆಳಾಗಿದ್ದ ಲಿ ಶಿಯುವಾನ್ ಅನ್ನೋನು ಹೇಳಿದ್ದು. ಅವನು ದಕ್ಷಿಣದ ಗುಡ್ಡಗಾಡಿನವನು, ಈಗಿನ ಗುವಾಂಗ್‌ಶಿ ಕಡೆ. ಊರಿನ ಹಳೇ ಸಂಗತಿ ಎಷ್ಟೋ ಅವನಿಗೆ ನೆನಪಿತ್ತು ಅಂತ ದುವಾನ್ ಹೆಸರು ಸಮೇತ ದಾಖಲಿಸಿದ್ದಾನೆ. ಮಂತ್ರಿಯ ಮಗ ಆಳಿನ ಹೆಸರು ಬರೆದ, ಆದ್ದರಿಂದ ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಆದಮೇಲೆ ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್ನಲ್ಲಿ ಕೂತು ನಾನು ಆ ಹೆಸರು ಟೈಪ್ ಮಾಡ್ತಿದ್ದೀನಿ.

ಇಸವಿ ನೋಡಿದಾಗ ಇನ್ನೊಂದು ಮಜಾ ಸಿಕ್ತು. 850ರ ಆಸುಪಾಸಲ್ಲೇ ನಮ್ಮ ಮಳಖೇಡದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 'ಕವಿರಾಜಮಾರ್ಗ' ಹುಟ್ಟಿದ್ದು. ನಮಗೆ ಸಿಕ್ಕಿರೋ ಅತ್ಯಂತ ಹಳೇ ಕನ್ನಡ ಪುಸ್ತಕ. ಕನ್ನಡ ನಾಡಿನ ಜನ ಓದು ಕಲಿಯದಿದ್ದರೂ ಕಾವ್ಯದಲ್ಲಿ ಪಳಗಿದವರು ಅಂತ ಆ ಪುಸ್ತಕ ಮೆಚ್ಚಿಕೊಳ್ಳುತ್ತೆ. ಪಿಯುಸಿ ಕನ್ನಡದಲ್ಲಿ ಈ ಮಾತನ್ನ ಉರು ಹೊಡೆದವರು ಕೈ ಎತ್ತಿ. ಅಲ್ಲಿ ಓದದವರನ್ನ ಹೊಗಳ್ತಿದ್ದ ಹೊತ್ತಿಗೆ ಚೀನಾದಲ್ಲಿ ಒಬ್ಬ ಅಂಥವನನ್ನ ಎದುರಿಗೆ ಕೂರಿಸಿಕೊಂಡು "ಹೇಳಪ್ಪಾ, ಆಮೇಲೆ?" ಅಂತ ಕೇಳ್ತಿದ್ದ.

ಪೋಸ್ಟ್ 3

ಕಥೆಗೆ ಬರೋಣ. ನನ್ನ ಮಾತಲ್ಲಿ ಹೇಳ್ತೀನಿ.

ಗುಡ್ಡಗಾಡಿನ ಒಬ್ಬ ನಾಯಕ, ಹೆಸರು ವು. ಎರಡು ಹೆಂಡತಿಯರು. ಒಬ್ಬಳು ಮಗಳನ್ನ ಬಿಟ್ಟು ಸತ್ತಳು. ಆ ಮಗಳೇ ಯೆ ಶಿಯೆನ್. ಅಪ್ಪನಿಗೆ ಮುದ್ದು. ಅಪ್ಪನೂ ಸತ್ತ. ಮಲತಾಯಿ ಏನು ಮಾಡ್ತಾಳೆ? ಯಾವ ದೇಶದ ಮಲತಾಯಿಯಾದ್ರೂ ಅದನ್ನೇ. ಹುಡುಗಿಯನ್ನ ಅಪಾಯದ ಕಡಿದಾದ ಜಾಗಕ್ಕೆ ಸೌದೆ ತರೋಕೆ, ಆಳವಾದ ಮಡುವಿಗೆ ನೀರು ತರೋಕೆ ಕಳಿಸ್ತಾಳೆ.

ನೀರು ಸೇದುವಾಗ ಎರಡು ಅಂಗುಲದ ಒಂದು ಮೀನು ಸಿಗುತ್ತೆ. ಕೆಂಪು ರೆಕ್ಕೆ, ಚಿನ್ನದ ಕಣ್ಣು. ಬಟ್ಟಲಲ್ಲಿ ಇಟ್ಟು ಸಾಕ್ತಾಳೆ. ದಿನಾ ಬೆಳೆಯುತ್ತೆ, ಬಟ್ಟಲು ಬದಲಾಯಿಸಿ ಬದಲಾಯಿಸಿ ಸಾಕಾಗಿ ಹಿತ್ತಲ ಕೊಳಕ್ಕೆ ಬಿಡ್ತಾಳೆ. ತನಗೆ ಸಿಕ್ಕ ಊಟದಲ್ಲಿ ಉಳಿಸಿ ಅದಕ್ಕೆ ಹಾಕ್ತಾಳೆ. ಅವಳು ಬಂದರೆ ಮಾತ್ರ ಮೀನು ಮೇಲೆ ಬಂದು ದಡಕ್ಕೆ ತಲೆ ಒರಗಿಸುತ್ತೆ, ದಿಂಬಿಗೆ ಒರಗಿದ ಹಾಗೆ. ಬೇರೆ ಯಾರಿಗೂ ಮುಖ ತೋರಿಸಲ್ಲ.

ಮಲತಾಯಿಗೆ ಗೊತ್ತಾಗುತ್ತೆ. "ತುಂಬ ಕೆಲಸ ಮಾಡಿ ದಣಿದಿದ್ದೀಯ, ಹೊಸ ಬಟ್ಟೆ ಹಾಕ್ಕೋ" ಅಂತ ಅವಳ ಹಳೇ ಬಟ್ಟೆ ಬಿಚ್ಚಿಸಿ, ದೂರದ ಬುಗ್ಗೆಗೆ ನೀರಿಗೆ ಕಳಿಸ್ತಾಳೆ. (ಹೊಸ ಬಟ್ಟೆ ಸಿಕ್ಕಾಗ ಖುಷಿ ಪಡೋ ಮುಂಚೆ ಯೋಚನೆ ಮಾಡಿ ಕಣ್ರೇ.) ಆ ಹಳೇ ಬಟ್ಟೆ ತಾನು ಉಟ್ಟು, ತೋಳಲ್ಲಿ ಚಾಕು ಬಚ್ಚಿಟ್ಟು, ಕೊಳದ ಹತ್ತಿರ ಹೋಗಿ ಕರೀತಾಳೆ. ಮೀನು ತಲೆ ಎತ್ತುತ್ತೆ. ಕಡಿದು, ಬೇಯಿಸಿ, ತಿಂದು, ಮೂಳೆಗಳನ್ನ ತಿಪ್ಪೆಯಲ್ಲಿ ಹೂತುಬಿಡ್ತಾಳೆ. ಹತ್ತು ಅಡಿಗೂ ಮೀರಿ ಬೆಳೆದಿತ್ತಂತೆ, ರುಚಿ ಬೇರೆ ಮೀನಿಗಿಂತ ಎರಡರಷ್ಟಂತೆ. ಈ ರುಚಿಯ ವಿವರ ಹೇಳಿದ್ದು ಲಿ ಶಿಯುವಾನೋ, ಸೇರಿಸಿದ್ದು ದುವಾನೋ, ಯಾರಾದ್ರೂ ಸರಿ, ಮೀನು ತಿನ್ನೋ ಊರಿನವನೇ.

ಹುಡುಗಿ ಬಯಲಲ್ಲಿ ಕೂತು ಅಳ್ತಾಳೆ. ಆಕಾಶದಿಂದ ಒಬ್ಬ ಇಳಿದು ಬರ್ತಾನೆ. ಕಿನ್ನರಿ ಅಲ್ಲ, ಮಂತ್ರದಂಡ ಇಲ್ಲ. ಕೆದರಿದ ಕೂದಲು, ಒರಟು ಬಟ್ಟೆ. "ಮೂಳೆ ತಿಪ್ಪೆಯಲ್ಲಿದೆ, ತಂದು ಕೋಣೆಯಲ್ಲಿಡು, ಬೇಕಾದ್ದು ಕೇಳು" ಅಂತಾನೆ. ಅವತ್ತಿಂದ ಚಿನ್ನ, ಮುತ್ತು, ಬಟ್ಟೆ, ಊಟ, ಎಲ್ಲ ಮೂಳೆ ಕೊಡುತ್ತೆ.

ಪೋಸ್ಟ್ 4

ಊರಹಬ್ಬ ಬರುತ್ತೆ. ಮಲತಾಯಿ ತನ್ನ ಮಗಳನ್ನ ಕರ್ಕೊಂಡು ಹೋಗ್ತಾಳೆ, ಇವಳಿಗೆ ಅಂಗಳದ ಹಣ್ಣಿನ ಮರ ಕಾಯೋ ಕೆಲಸ. ಅವರು ದೂರ ಹೋದಮೇಲೆ ಇವಳೂ ಹೊರಡ್ತಾಳೆ. ಮಿಂಚುಳ್ಳಿ ಗರಿಯಿಂದ ಮಾಡಿದ ಮೇಲುಡುಪು, ಚಿನ್ನದ ಚಪ್ಪಲಿ.

ಅಲ್ಲಿ ಮಲತಾಯಿಯ ಮಗಳು ಗುರುತು ಹಿಡೀತಾಳೆ. "ಅಮ್ಮಾ, ಇವಳು ನಮ್ಮ ಅಕ್ಕನ ಥರಾನೇ ಇದ್ದಾಳಲ್ಲ?" ಪೆರೋನ ಕಥೆಯಲ್ಲಿ ಹನ್ನೆರಡು ಗಂಟೆ ಹೊಡೆದದ್ದಕ್ಕೆ ಹುಡುಗಿ ಓಡೋದು. ಇಲ್ಲಿ ಮನೆಯವರು ನೋಡಿಬಿಟ್ಟರಲ್ಲಾ ಅಂತ ಓಡ್ತಾಳೆ. ಮಂತ್ರಿ ಮಾಲ್‌ನಲ್ಲಿ ಚಿಕ್ಕಪ್ಪನ ಫ್ಯಾಮಿಲಿ ಕಂಡಾಗ ನಾವು ಎಸ್ಕಲೇಟರ್ ಹತ್ತಿ ಓಡ್ತೀವಲ್ಲ, ಹಾಗೆ. ಒಂದು ಚಪ್ಪಲಿ ಬಿದ್ದುಹೋಗುತ್ತೆ. ತಾಯಿ ಮಗಳು ವಾಪಸ್ ಬಂದು ನೋಡಿದ್ರೆ ಯೆ ಶಿಯೆನ್ ಅಂಗಳದಲ್ಲಿ ಮರ ತಬ್ಬಿಕೊಂಡು ನಿದ್ದೆ ಹೋಗಿದ್ದಾಳೆ. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಚಿತ್ರ ಇದು.

ಇಲ್ಲಿಂದ ಚಪ್ಪಲಿಯೇ ಹೀರೋ. ಊರಿನ ಒಬ್ಬನಿಗೆ ಸಿಗುತ್ತೆ, ಅವನು ಅದನ್ನ ತುವೋಹಾನ್ ಅನ್ನೋ ದ್ವೀಪರಾಜ್ಯಕ್ಕೆ ಮಾರ್ತಾನೆ, ಕೈ ಬದಲಾಗಿ ರಾಜನ ಹತ್ತಿರ ತಲುಪುತ್ತೆ. ನೂಲಿನಷ್ಟು ಹಗುರ, ಕಲ್ಲಿನ ಮೇಲೆ ನಡೆದರೂ ಸದ್ದಿಲ್ಲ. ರಾಜ ಎಲ್ಲ ಹೆಂಗಸರ ಕಾಲಿಗೂ ಹಾಕಿಸಿ ನೋಡ್ತಾನೆ. ಅತೀ ಸಣ್ಣ ಕಾಲಿನವಳಿಗೂ ಒಂದು ಅಂಗುಲ ಕಮ್ಮಿ. ಮಲ್ಲೇಶ್ವರಂ ಎಂಟನೇ ಕ್ರಾಸಲ್ಲಿ ಸೇಲ್ ದಿನ ನನಗೆ ಆಗೋದೂ ಇದೇ.

ಆಮೇಲೆ ರಾಜ ಏನು ಮಾಡ್ತಾನೆ ಗೊತ್ತಾ? ಇದು ಮಕ್ಕಳ ಪುಸ್ತಕಗಳಲ್ಲಿ ಇರಲ್ಲ. ಮಾರಿದವನನ್ನ ಹಿಡಿಸಿ, ಜೈಲಿಗೆ ಹಾಕಿ, ಹಿಂಸೆ ಕೊಟ್ಟು ಕೇಳ್ತಾನೆ: ಎಲ್ಲಿಂದ ಬಂತು, ಯಾರ ಚಪ್ಪಲಿ ಇದು? ಪಾಪ, ಅವನಿಗೂ ಗೊತ್ತಿಲ್ಲ. ಕೊನೆಗೆ ಮನೆಮನೆ ಹುಡುಕಿ ಯೆ ಶಿಯೆನ್ ಸಿಕ್ತಾಳೆ, ಹಾಕಿದ ತಕ್ಷಣ ಸರಿಯಾಗುತ್ತೆ, ನಿಜ ಹೇಳ್ತಾಳೆ, ಮದುವೆ.

ಈ ಪ್ರಶ್ನೆಯನ್ನ ನೆನಪಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.

ಪೋಸ್ಟ್ 5

ಸ್ವಲ್ಪ ಪುಕಾರು ಕ್ಲಿಯರ್ ಮಾಡಿಬಿಡೋಣ.

ಪುಟ್ಟ ಚಪ್ಪಲಿ ಅಂದ ತಕ್ಷಣ ಎಲ್ಲರೂ ಹೇಳೋದು, ಚೀನಾದಲ್ಲಿ ಹೆಣ್ಣುಮಕ್ಕಳ ಕಾಲು ಕಟ್ತಿದ್ರಲ್ಲ, ಅದಕ್ಕೇ ಈ ಕಥೆ ಅಂತ. ಕಾಲು ಕಟ್ಟೋ ಕ್ರೂರ ಪದ್ಧತಿ ನಿಜ. ಆದರೆ ಅದರ ಆರಂಭವನ್ನ ಹೇಳೋದು ಹತ್ತನೇ ಶತಮಾನಕ್ಕೆ, ಹರಡಿದ್ದು ಸಾಂಗ್ ರಾಜರ ಕಾಲದಲ್ಲಿ. ನಮ್ಮ ದುವಾನ್ ಬರೆದದ್ದು ಒಂಬತ್ತರಲ್ಲಿ. ಕಥೆ ಮೊದಲು, ಕಟ್ಟು ಆಮೇಲೆ.

ಎರಡನೇದು ಗಾಜು. ಪೆರೋ ಬರೆದದ್ದು ತುಪ್ಪಳದ ಶೂ, ಫ್ರೆಂಚಲ್ಲಿ ಎರಡು ಪದದ ಉಚ್ಚಾರಣೆ ಒಂದೇ ಆಗಿ ಗಾಜು ಆಯ್ತು ಅಂತ ಒಂದು ವಾದ ಇದೆ. 19ನೇ ಶತಮಾನದಲ್ಲಿ ಕಾದಂಬರಿಕಾರ ಬಾಲ್ಜಾಕ್ ಕೂಡ ಇದನ್ನ ಎತ್ತಿದ್ದ. 1697ರ ಪುಸ್ತಕದಲ್ಲೇ ಗಾಜು ಅಂತ ಅಚ್ಚಾಗಿದೆ. ವಾದ ಕ್ಲೋಸ್.

ಮೂರನೇದು ವಾಟ್ಸಾಪ್ ಅಂಕಲ್‌ಗಳಿಗೆ. "ಎಲ್ಲ ಕಥೆ ಇಲ್ಲಿಂದಲೇ ಹೋಗಿದ್ದು." 1893ರಲ್ಲೇ ಮರಿಯನ್ ಕಾಕ್ಸ್ ಅನ್ನೋ ಇಂಗ್ಲಿಷ್ ಹೆಂಗಸು ಕೂತು ಸಿಂಡ್ರೆಲಾ ಗುಂಪಿನ 345 ಕಥೆ ಸೇರಿಸಿದ್ದಳು. ಯಾವುದು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಅವತ್ತಿಂದ ಜಗಳ ನಡೀತಿದೆ. ನೀವು ಫ್ಯಾಮಿಲಿ ಗ್ರೂಪಲ್ಲಿ ಬಗೆಹರಿಸಬೇಡಿ.

ಇನ್ನು ಬಿ.ಕಾಂ ಮಂದಿಗೆ ಬೋನಸ್. ಚೀನಾ ಕಥೆ ಮದುವೆಗೆ ಮುಗಿಯಲ್ಲ, ಮೂಳೆಯ ಲೆಕ್ಕಕ್ಕೆ ಮುಗಿಯುತ್ತೆ. ಮೂಳೆಯೂ ಯೆ ಶಿಯೆನ್ ಜೊತೆ ಅರಮನೆಗೆ ಹೋಗುತ್ತೆ. ರಾಜ ಆಸೆಬುರುಕ. ಮೊದಲ ವರ್ಷ ಕೇಳಿದ್ದೇ ಕೇಳಿದ್ದು, ರತ್ನ ಮುತ್ತು ರಾಶಿ ಬಿತ್ತು. ಎರಡನೇ ವರ್ಷ ಮೂಳೆ ಗಪ್‌ಚುಪ್. ಬಂಡವಾಳ ಹೆಂಡತಿಯದು, ಡ್ರಾಯಿಂಗ್ಸ್ ಎಲ್ಲ ಗಂಡನದು. ಆ ಫರ್ಮ್ ಎಷ್ಟು ದಿನ ನಡೆಯುತ್ತೆ ಅಂತ ಫಸ್ಟ್ ಸೆಮ್ ಪಾಸಾದವರೆಲ್ಲ ಹೇಳಬಹುದು. ರಾಜ ಅದನ್ನ ಮುತ್ತಿನ ರಾಶಿ ಜೊತೆ ಸಮುದ್ರದ ದಡದಲ್ಲಿ ಹೂತ, ಸುತ್ತ ಚಿನ್ನದ ಅಂಚು. ಮುಂದೆ ಸೈನಿಕರು ದಂಗೆ ಎದ್ದಾಗ ಅಗೆದು ಹಂಚೋಣ ಅಂತಿದ್ದ. ಒಂದು ರಾತ್ರಿ ಅಲೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಯ್ತು.

ಮಲತಾಯಿ, ಅವಳ ಮಗಳು? ಹಾರಿಬಂದ ಕಲ್ಲು ಬಿದ್ದು ಸತ್ತರು. ಊರವರು ಅವರಿಗೆ ಸಮಾಧಿ ಕಟ್ಟಿದರು. ಹೆಣ್ಣು ಬೇಕಾದ ಗಂಡಸರು ಅಲ್ಲಿ ಹರಕೆ ಹೊತ್ತರೆ ಹೆಣ್ಣು ಸಿಗ್ತಿತ್ತಂತೆ. ಒಂಬತ್ತನೇ ಶತಮಾನದ ಮ್ಯಾಟ್ರಿಮೊನಿ.

ಯೆ ಶಿಯೆನ್ ಏನಾದಳು? ಪಟ್ಟದ ರಾಣಿ ಆದಳು ಅನ್ನೋದಷ್ಟೇ. ಮೂಳೆಯ ಬಗ್ಗೆ ಒಂದು ಪ್ಯಾರಾ ಇದೆ. ಅವಳ ಬಗ್ಗೆ ಇನ್ನೊಂದು ವಾಕ್ಯ ಇಲ್ಲ.

ಪೋಸ್ಟ್ 6

ಈಗ ಚೀನಾದಿಂದ ನಮ್ಮೂರಿಗೆ ಬರೋ ದಾರಿ. ಅದು ಒಂದು ಪುಸ್ತಕದ ಮೂಲಕ. 1982ರಲ್ಲಿ ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಿಸ್ ಸಿಂಡ್ರೆಲಾ ಬಗ್ಗೆ ದೇಶದೇಶದ ಲೇಖನಗಳನ್ನ ಸೇರಿಸಿ ಒಂದು ಪುಸ್ತಕ ತಂದ. ಅದರಲ್ಲಿ ಚೀನಾದ ಸಿಂಡ್ರೆಲಾ ಬಗ್ಗೆ ಒಂದು ಲೇಖನ ಇದೆ. ಅದೇ ಪುಸ್ತಕದಲ್ಲಿ, ಕೆಲವು ಲೇಖನ ಆಚೆ, ಒಬ್ಬ ಕನ್ನಡದ ಹುಡುಗಿ ಇದ್ದಾಳೆ. ಬರೆದವರು ಎ.ಕೆ. ರಾಮಾನುಜನ್.

ರಾಮಾನುಜನ್ ಹುಟ್ಟಿದ್ದು ಮೈಸೂರಲ್ಲಿ, 1929ರಲ್ಲಿ. ಆಮೇಲೆ ಶಿಕಾಗೋ ವಿಶ್ವವಿದ್ಯಾಲಯದ ದೊಡ್ಡ ಪ್ರೊಫೆಸರ್, ವಚನಗಳನ್ನ ಇಂಗ್ಲಿಷಿಗೆ ತಂದವರು, ಅದೆಲ್ಲ ನಿಮಗೆ ಗೊತ್ತಿರಬಹುದು. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಬೆಳಗಾವಿಯ ಕಾಲೇಜಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಕ್ಲಾಸಲ್ಲಿ ಶೇಕ್ಸ್‌ಪಿಯರ್ ಹೇಳೋದು, ಕ್ಲಾಸ್ ಮುಗಿದ ಮೇಲೆ ಅಜ್ಜಿಯರು, ಹೆಂಗಸರು ಹೇಳೋ ಕಥೆ ಬರ್ಕೊಳ್ಳೋದು. ಆಗ ಸಿಕ್ಕ ಕಥೆಗಳಲ್ಲಿ ಒಂದು 'ಹಂಚಿ'.

ಹಂಚು ಅಂದ್ರೆ ಗೊತ್ತಲ್ಲ, ಹಳೇ ಮನೆಗಳ ಮಾಡಿನ ಮೇಲಿರೋದು. ಉತ್ತರ ಕರ್ನಾಟಕದ ಫ್ರೆಂಡ್ಸ್‌ಗೆ ಹಂಚು ಅಂದ್ರೆ ರೊಟ್ಟಿ ಸುಡೋದು. ಎರಡೂ ಬೆಂಕಿಯಲ್ಲಿ ಬೆಂದದ್ದೇ. ಸಿಂಡ್ರೆಲಾ ಅನ್ನೋ ಹೆಸರು ಬಂದಿದ್ದು ಒಲೆಯ ಬೂದಿಯಿಂದ. ನಮ್ಮವಳ ಹೆಸರು ಸುಟ್ಟ ಮಣ್ಣಿಂದ.

ಪೋಸ್ಟ್ 7

ಹಂಚಿಯ ಕಥೆ ನಗಿಸುತ್ತೆ, ಆದರೆ ಶುರುವಾಗೋದು ಕತ್ತಲಲ್ಲಿ.

ಒಬ್ಬ ಮುದುಕಿ, ಒಬ್ಬ ಮಗ, ಒಬ್ಬ ಮಗಳು. ಮಗಳಿಗೆ ಚಿನ್ನದ ಕೂದಲು. ಒಂದು ದಿನ ಅಣ್ಣನೇ ಆ ಕೂದಲು ನೋಡಿ ತಲೆಕೆಟ್ಟು, ಇವಳನ್ನೇ ಮದುವೆ ಆಗ್ತೀನಿ ಅಂತ ತಾಯಿಯ ಹತ್ತಿರ ಕೇಳ್ತಾನೆ. ಹೌದು, ಸರಿಯಾಗೇ ಓದಿದ್ರಿ. ಮಲತಾಯಿ ಇಲ್ಲ ಇಲ್ಲಿ. ಅಪಾಯ ಮನೆಯೊಳಗಿನ ಗಂಡಸಿನಿಂದ, ಕಾಪಾಡೋಳು ಹೆತ್ತ ತಾಯಿ. ಅವಳು ಕಿರುಚಲ್ಲ. "ಆಯ್ತಪ್ಪ, ಮದುವೆಗೆ ಅಕ್ಕಿ ಬೇಳೆ ತಗೊಂಡು ಬಾ" ಅಂತ ಅವನನ್ನ ಪೇಟೆಗೆ ಕಳಿಸ್ತಾಳೆ. ಅವನು ಆಚೆ ಹೋದದ್ದೇ, ಕುಂಬಾರನ ಹತ್ತಿರ ಓಡಿ, ಮಗಳ ಮುಖಕ್ಕೆ ಸರಿಯಾಗಿ ಒಂದು ಮಣ್ಣಿನ ಮುಖವಾಡ ಮಾಡಿಸ್ತಾಳೆ. ಬುತ್ತಿ ಕಟ್ಟಿ, ನಿನಗೆ ಒಳ್ಳೇ ಕಾಲ ಬರೋ ತನಕ ಇದನ್ನ ತೆಗೀಬೇಡ ಅಂತ ರಾತ್ರೋರಾತ್ರಿ ಕಳಿಸಿಬಿಡ್ತಾಳೆ. ಆಮೇಲೆ ತಾನು ವಿಷ ತಗೋತಾಳೆ. ಅಣ್ಣ ಹುಚ್ಚನಾಗಿ ಅಲೀತಾನೆ.

ಹುಡುಗಿ ಹಂಚಿ ಅನ್ನೋ ಹೆಸರಲ್ಲಿ ಊರೂರು ಅಲೆದು, ಒಬ್ಬ ಅಜ್ಜಿಯ ಮನೆ ಸೇರಿ, ಅಲ್ಲಿಂದ ಸಾವುಕಾರನ ಮನೆಗೆ ಕೆಲಸಕ್ಕೆ ಹೋಗ್ತಾಳೆ. ಅಡುಗೆಯಲ್ಲಿ ಎತ್ತಿದ ಕೈ. ಅದರಲ್ಲೂ ಅಕ್ಕಿಯ ಸಿಹಿ ಅಡುಗೆ ಅವಳ ಥರ ಮಾಡೋರು ಯಾರೂ ಇಲ್ಲ.

ಒಂದು ದಿನ ಮನೆಮಂದಿಯೆಲ್ಲ ತೋಟದ ಊಟಕ್ಕೆ ಹೋಗ್ತಾರೆ. ಗಮನಿಸಿ, ಊಟ ಹಂಚಿ ಮಾಡಿದ್ದೇ, ಅವಳಿಗೆ ಮಾತ್ರ ಕರೆಯಿಲ್ಲ. ಚೀನಾದಲ್ಲಿ ಹುಡುಗಿ ಕದ್ದು ಹಬ್ಬಕ್ಕೆ ಹೋದಳು. ನಮ್ಮವಳು ಮನೆ ಖಾಲಿ ಇದೆಯಲ್ಲ ಅಂತ ಎಣ್ಣೆ ಹಚ್ಚಿಕೊಂಡು ಅಭ್ಯಂಜನಕ್ಕೆ ಕೂರ್ತಾಳೆ! ಎಷ್ಟು ನಮ್ಮವಳು ನೋಡಿ. ಮುಖವಾಡ ಪಕ್ಕಕ್ಕಿಟ್ಟು ಚಿನ್ನದ ಕೂದಲು ಬಿಚ್ಚಿದ್ದಾಳೆ. ಅಷ್ಟರಲ್ಲಿ ಸಾವುಕಾರನ ಚಿಕ್ಕ ಮಗ ವಾಪಸ್ ಬಂದು, ಕೆಲಸದವಳು ಎಲ್ಲಿ ಅಂತ ಹುಡುಕ್ತಾ ಇಣುಕಿ, ನೋಡಿಬಿಡ್ತಾನೆ. (ಕಥೆ ಇದನ್ನ ಪ್ರೇಮ ಅನ್ನುತ್ತೆ. ನಾನು ಇಣುಕೋದು ಅಂತಲೇ ಬರೀತೀನಿ.) ತಾಯಿಯ ಹತ್ತಿರ ಹೋಗಿ ಇವಳನ್ನೇ ಮದುವೆ ಮಾಡು ಅಂತಾನೆ. ತಾಯಿ ನಂಬಲ್ಲ, ಈ ಕರಿ ಮುಖದ ಕೆಲಸದವಳಾ? ಅವನು ತಾಯಿಯನ್ನ ಎಳ್ಕೊಂಡು ಹೋಗಿ, ಹಂಚಿಯ ಮುಖವಾಡ ಕಿತ್ತು ನೆಲಕ್ಕೆ ಬಡೀತಾನೆ.

ಮದುವೆ ಆಗುತ್ತೆ. ಪೆರೋ ಆಗಿದ್ರೆ ಇಲ್ಲಿಗೆ ಶುಭಂ. ನಮ್ಮ ಕಥೆ ಈಗ ಅರ್ಧ ಆಯ್ತು ಅಷ್ಟೇ.

ಪೋಸ್ಟ್ 8

ಸಾವುಕಾರನ ಮನೆಗೆ ಒಬ್ಬ ಗುರುಸ್ವಾಮಿ. ಎಲ್ಲದಕ್ಕೂ ಅವನದೇ ಸಲಹೆ. ಅವನ ಕಣ್ಣು ಹಂಚಿಯ ಮೇಲೆ. ಅತ್ತೆ ಮೊಮ್ಮಗ ಬೇಕು ಅಂದಾಗ "ಕಳಿಸಿ, ಮಂತ್ರ ಹಾಕಿಕೊಡ್ತೀನಿ" ಅಂತಾನೆ. ಮಂತ್ರಿಸಿದ ಬಾಳೆಹಣ್ಣು ತಿಂದರೆ ಅವಳು ತಾನಾಗೇ ಅವನ ಹಿಂದೆ ಬರಬೇಕು, ಅದು ಪ್ಲಾನ್.

ಹಂಚಿ ಇಂಥವರನ್ನ ಬಲ್ಲವಳು. ತಾನೇ ಒಂದು ಬಾಳೆಹಣ್ಣು ಬಚ್ಚಿಟ್ಟುಕೊಂಡು ಹೋಗಿ, ಅದನ್ನ ತಿಂದು, ಅವನು ಕೊಟ್ಟದ್ದನ್ನ ಬಾನಿಗೆ ಹಾಕಿಬಿಡ್ತಾಳೆ. ಅದನ್ನ ತಿಂದದ್ದು ಎಮ್ಮೆ. ರಾತ್ರಿ ಗುರುಸ್ವಾಮಿಯ ಬಾಗಿಲು ದಬದಬ. ಬಂದಳು ಅಂತ ಖುಷಿಯಲ್ಲಿ ತೆಗೆದರೆ ಪ್ರೀತಿ ಉಕ್ಕಿ ಬಂದ ಎಮ್ಮೆ. ಮೈಕೈ ನುಜ್ಜುಗುಜ್ಜು. ಬುದ್ಧಿ ಬಂತಾ? ಇನ್ನೊಂದು ಸಲ ಬಾದಾಮಿ, ಎಲೆಅಡಿಕೆ. ಹಂಚಿ ಅದನ್ನ ಸೇರು ಪಾವು ಬಟ್ಟಲುಗಳಿಗೆ ಹಾಕ್ತಾಳೆ. ರಾತ್ರಿ ಅಡುಗೆಮನೆಯ ಪಾತ್ರೆಯೆಲ್ಲ ಸಾಲಾಗಿ ಬಂದು ಅವನ ಬಾಗಿಲು ತಟ್ಟುತ್ತವೆ. ಮೂರನೇ ಸಲ ಪೊರಕೆ. ಕತ್ತಲಲ್ಲಿ ತಬ್ಬಿಕೊಂಡೇಬಿಟ್ಟ.

ಈ ಭಾಗವನ್ನ ಹೆಂಗಸರು ಹೆಂಗಸರಿಗೆ ಹೇಳುವಾಗ ಎಷ್ಟು ನಕ್ಕಿರಬೇಕು ಊಹಿಸಿ. ಅವಳ ಪರವಾಗಿ ಅವತ್ತು ಎದ್ದು ಹೋದದ್ದು ಅವಳು ದಿನಾ ಮುಟ್ಟೋ ಸಾಮಾನುಗಳು. ಎಮ್ಮೆ, ಪಾತ್ರೆ, ಪೊರಕೆ.

ಆದರೆ ಸೋತ ಗುರುಸ್ವಾಮಿ ಈಗ ಮಂತ್ರ ಬಿಟ್ಟು ಸಾಕ್ಷಿಗೆ ಇಳೀತಾನೆ. ಇನ್ನೊಂದು ತೋಟದ ಊಟದ ದಿನ, ಏನೋ ಮರೆತೆ ಅಂತ ನೆಪ ಹೇಳಿ ಮನೆಗೆ ಬಂದು ಅವಳ ಕೋಣೆಯಲ್ಲಿ ಗಂಡಸಿನ ಬಟ್ಟೆ, ಅಗಿದ ಎಲೆಅಡಿಕೆ, ಸೇದಿಬಿಟ್ಟ ಚುಟ್ಟಾ ತುಂಡು ಎಲ್ಲ ಹರಡಿ, ವಾಪಸ್ ಓಡಿ ಕೂಗ್ತಾನೆ: ನಿಮ್ಮ ಸೊಸೆ ಹೀಗೆ! ಮನೆಯವರು ಬಂದು ನೋಡ್ತಾರೆ. ಬಟ್ಟೆ ಇದೆ, ಚುಟ್ಟಾ ಇದೆ. ಅವಳನ್ನ ಯಾರೂ ಏನೂ ಕೇಳಲ್ಲ. ಹೊಡೀತಾರೆ, ಕೂಡಿಹಾಕ್ತಾರೆ, ಉಪವಾಸ ಕೆಡವ್ತಾರೆ. ಕೊನೆಗೆ ಪೆಟ್ಟಿಗೆಯಲ್ಲಿ ತುಂಬಿ ಗುರುಸ್ವಾಮಿಗೇ ಒಪ್ಪಿಸ್ತಾರೆ. ಹಿಂದಿನ ದಿನದವರೆಗೆ ಅವಳ ಕೈಯ ಊಟ ಹೊಗಳಿದವರು.

ಪೋಸ್ಟ್ 9

ಗುರುಸ್ವಾಮಿ ಪೆಟ್ಟಿಗೆಯನ್ನ ಊರಾಚೆ ಒಬ್ಬ ಮುದುಕಿಯ ಮನೆಯಲ್ಲಿ ಇಡಿಸಿ, "ಒಳಗೆ ಹುಚ್ಚುನಾಯಿಗಳಿವೆ, ತೆಗೀಬೇಡ, ಬೆಳಗ್ಗೆ ಬರ್ತೀನಿ" ಅಂತ ಹೋಗ್ತಾನೆ. ಆ ಮುದುಕಿ ಯಾರು? ಹಂಚಿಗೆ ಮೊದಲು ಜಾಗ ಕೊಟ್ಟ ಅದೇ ಅಜ್ಜಿ. ಒಳಗಿಂದ ದನಿ ಗುರುತು ಹಿಡಿದು ಬಿಡಿಸ್ತಾಳೆ. ಇಬ್ಬರೂ ಸೇರಿ ಗುರುಸ್ವಾಮಿಯ ಮಾತನ್ನ ನಿಜ ಮಾಡ್ತಾರೆ. ನಿಜವಾದ ಹುಚ್ಚುನಾಯಿಗಳನ್ನೇ ತರಿಸಿ ಪೆಟ್ಟಿಗೆಗೆ ತುಂಬಿಡ್ತಾರೆ. ಬೆಳಗ್ಗೆ ಅವನು ಅತ್ತರು ಹಚ್ಚಿಕೊಂಡು ಬಂದು ಮುಚ್ಚಳ ತೆಗೆದ. ಮುಂದಿನದನ್ನ ಬರೆಯಲ್ಲ, ಕೆಲವರು ಊಟ ಮಾಡ್ತಾ ಓದ್ತಿರ್ತೀರ.

ಈಗ ಬರುತ್ತೆ ನಮ್ಮ 'ಶೂ ಟೆಸ್ಟ್'. ಹಂಚಿ ಸತ್ತಳು ಅಂದುಕೊಂಡ ಸಾವುಕಾರನ ಮನೆಯವರನ್ನ ಅಜ್ಜಿ ಊಟಕ್ಕೆ ಕರೀತಾಳೆ. ಹಂಚಿ ಒಳಗೆ ನಿಂತು ಅಕ್ಕಿಯ ಸಿಹಿ ಅಡುಗೆ ಮಾಡ್ತಾಳೆ. ಅವರು ಒಂದು ತುತ್ತು ಬಾಯಿಗಿಟ್ಟವರು ಹಾಗೇ ನಿಲ್ಲಿಸಿಬಿಡ್ತಾರೆ. ಇದು ಹಂಚಿಯ ಕೈ. ಬೇರೆ ಯಾರಿಂದಲೂ ಆಗಲ್ಲ. ಯಾರು ಮಾಡಿದ್ದು ಅಂತ ಕೇಳಿದಾಗ ಅಜ್ಜಿ ಅವಳನ್ನ ಕರೆತಂದು ನಿಲ್ಲಿಸ್ತಾಳೆ, ನಿಜ ಹೇಳ್ತಾಳೆ.

ಯೆ ಶಿಯೆನ್‌ಗೆ ಕಾಲಿನ ಅಳತೆ, ಹಂಚಿಗೆ ಕೈರುಚಿ. ಕಾಲಿನ ಸೈಜ್ ನಾವು ಸಂಪಾದಿಸಿದ್ದಲ್ಲ, ಹುಟ್ಟಿದ ಹಾಗೆ ಬಂದದ್ದು. ಕೈರುಚಿ ಅವಳದೇ ಕೆಲಸ. ಅದಕ್ಕೇ ನನಗೆ ಹಂಚಿ ಒಂದು ಕೈ ಹೆಚ್ಚು. ಆದರೆ ಇನ್ನೊಂದು ಕಡೆಯಿಂದ ನೋಡಿದ್ರೆ ಸಿಟ್ಟೂ ಬರುತ್ತೆ. ಅವಳ ಮಾತನ್ನ ನಂಬದವರು ಅವಳ ಅಡುಗೆಯನ್ನ ನಂಬಿದರು. ಮತ್ತೆ ಆ ಮನೆಗೇ ವಾಪಸ್ ಹೋದಳಲ್ಲ ಅಂತ ನಾನೂ ಫ್ರೆಂಡ್ಸೂ ಒಂದು ಗಂಟೆ ಜಗಳ ಆಡಿದ್ವಿ. ಕಥೆ ಅವಳು ಸುಖವಾಗಿದ್ದಳು ಅನ್ನುತ್ತೆ. ಇರಲಿ.

ನಮ್ಮ ಹೆಂಗಸರ ಕಥೆಗಳಲ್ಲಿ ಮದುವೆ ಅನ್ನೋದು ಕೊನೆಯಲ್ಲ, ಕಷ್ಟ ಶುರುವಾಗೋದೇ ಅಲ್ಲಿ ಅಂತ ರಾಮಾನುಜನ್ ಗುರುತಿಸಿದ್ದರು. ಯೆ ಶಿಯೆನ್ ಬಗ್ಗೆ ಮದುವೆ ಆದಮೇಲೆ ಒಂದು ವಾಕ್ಯ ಇಲ್ಲ ಅಂದಿದ್ದೆನಲ್ಲ, ಅವಳ ಕಥೆಯನ್ನ ಹೇಳಿದವನೂ ಬರೆದವನೂ ಗಂಡಸರು. ಗುವಾಂಗ್‌ಶಿಯ ಹೆಂಗಸರು ತಮ್ಮೊಳಗೆ ಹೇಗೆ ಹೇಳ್ಕೊಳ್ತಿದ್ರೋ.

ಪೋಸ್ಟ್ 10

ಚಪ್ಪಲಿಗೆ ವಾಪಸ್. ಹಂಚಿ ಕಥೆಯಲ್ಲಿ ಚಪ್ಪಲಿ ಇಲ್ಲ ಅಂತ ಬೇಜಾರಾಗಬೇಡಿ, ರಾಮಾನುಜನ್ ಕೊಟ್ಟ ಇನ್ನೊಂದು ಕನ್ನಡ ಕಥೆಯಲ್ಲಿ ಇದೆ.

ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗಿದ್ದ ಕಥೆಗೂ ಹಾಡಿಗೂ ಉಸಿರುಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಆಚೆ ಬಂದವು. ಸೇಡು ತೀರಿಸ್ಕೊಳ್ಳೋಕೆ ಕಥೆ ಒಂದು ಜೊತೆ ಗಂಡಸಿನ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತಾಡಿತು. ಗಂಡ ಬಂದ. "ಯಾರು ಬಂದಿದ್ರು?" "ಯಾರೂ ಇಲ್ಲ." "ಹಾಗಾದ್ರೆ ಯಾರ ಚಪ್ಪಲಿ ಇದು?" ಅವಳಿಗೆ ನಿಜವಾಗಲೂ ಗೊತ್ತಿಲ್ಲ. ದೊಡ್ಡ ಜಗಳ. ಗಂಡ ಕಂಬಳಿ ಹೊತ್ತು ಆಂಜನೇಯನ ಗುಡಿಯಲ್ಲಿ ಮಲಗೋಕೆ ಹೋದ.

ಊರಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಹರಟೆ ಹೊಡೀತಿದ್ದವು. ಅವತ್ತು ಒಂದು ಜ್ವಾಲೆ ಲೇಟು. "ಏನೇ ಇಷ್ಟು ಹೊತ್ತು?" "ನಮ್ಮನೇಲಿ ಗಂಡ ಹೆಂಡತಿ ಜಗಳ ಮುಗೀಲೇ ಇಲ್ಲ ಕಣೇ" ಅಂತ ಅದು ಕಾರಣ ಸಮೇತ ಎಲ್ಲ ಹೇಳ್ತು. ಗಂಡ ಕೇಳಿಸಿಕೊಂಡ. ಬೆಳಗ್ಗೆ ಮನೆಗೆ ಬಂದು, ನಿನ್ನ ಕಥೆ ಯಾವುದು, ಹಾಡು ಯಾವುದು ಅಂತ ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿತ್ತು. "ಯಾವ ಕಥೆ? ಯಾವ ಹಾಡು?"

ಈ ಹರಟೆ ಹೊಡೆಯೋ ಜ್ವಾಲೆಗಳನ್ನ ಗಿರೀಶ್ ಕಾರ್ನಾಡ್ 'ನಾಗಮಂಡಲ' ನಾಟಕದ ಆರಂಭಕ್ಕೆ ತಂದರು. ರಾಮಾನುಜನ್ ಹೇಳಿದ ಕಥೆಗಳಿಂದಲೇ ಆ ನಾಟಕ ಕಟ್ಟಿದ್ದು. ಅಲ್ಲಿ ರಾಣಿ ಹಾವನ್ನ ಕೈಯಲ್ಲಿ ಹಿಡಿದು ತಾನು ನಿರಪರಾಧಿ ಅಂತ ತೋರಿಸಬೇಕಾಗುತ್ತೆ. ನಾಗಾಭರಣರ 1997ರ ಸಿನಿಮಾ ನೋಡಿದವರಿಗೆ ಆ ದೃಶ್ಯ ನೆನಪಿರುತ್ತೆ.

ಪೋಸ್ಟ್ 11

ಅಂದ್ರೆ ಲೆಕ್ಕ ಹೀಗಾಯ್ತು. ತುವೋಹಾನ್ ರಾಜ ಕೇಳಿದ್ದೂ ಅದೇ ಪ್ರಶ್ನೆ, ನಮ್ಮ ಗಂಡ ಕೇಳಿದ್ದೂ ಅದೇ ಪ್ರಶ್ನೆ. ಅಲ್ಲಿ ಹೆಣ್ಣಿನ ಚಪ್ಪಲಿ ಗಂಡಸಿನ ಕೈಗೆ ಸಿಕ್ಕರೆ ಮದುವೆ. ಇಲ್ಲಿ ಗಂಡಸಿನ ಚಪ್ಪಲಿ ಹೆಣ್ಣಿನ ಬಾಗಿಲಲ್ಲಿ ಸಿಕ್ಕರೆ ವಿಚಾರಣೆ.

ಹಳೇ ಕಥೆ ಅಂತೀರಾ? ನನ್ನ ಫ್ರೆಂಡ್ ಒಬ್ಬಳು ಇಲ್ಲೇ ಶೇಷಾದ್ರಿಪುರಂನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ಅವಳನ್ನ ಕೇಳಿಯೇ ಬರೀತಿದ್ದೀನಿ, ಹೆಸರು ಬೇಡ ಅಂದಳು. ಊರಿಂದ ಹೊರಡುವಾಗ ಅವರಮ್ಮ ಬ್ಯಾಗಿಗೆ ಅಪ್ಪನ ಹಳೇ ಚಪ್ಪಲಿ ಹಾಕಿ ಕಳಿಸಿದ್ದರು. ಬಾಗಿಲ ಮುಂದೆ ಗಂಡಸಿನ ಚಪ್ಪಲಿ ಇದ್ದರೆ ಮನೇಲಿ ಯಾರೋ ಇದ್ದಾರೆ ಅಂತ ಕಳ್ಳಕಾಕರು ಹತ್ತಿರ ಬರಲ್ಲ ಅಂತ. ಎಷ್ಟೋ ಅಮ್ಮಂದಿರು ಹೇಳೋ ಉಪಾಯ ಇದು, ನಿಮ್ಮಮ್ಮನೂ ಹೇಳಿರಬಹುದು. ಒಂಬತ್ತನೇ ನಂಬರ್, ಕಂದು ಬಣ್ಣ, ಹಿಮ್ಮಡಿ ಸವೆದದ್ದು.

ಎರಡನೇ ವಾರಕ್ಕೆ ಕೆಳಗಿನ ಮನೆ ಓನರ್ ಅವಳಪ್ಪನಿಗೆ ಫೋನ್ ಮಾಡಿದರು. ಮೇಲೆ ಯಾರೋ ಗಂಡಸು ಬಂದು ಉಳ್ಕೊಳ್ತಾನೆ, ಚಪ್ಪಲಿ ಬಾಗಿಲಲ್ಲೇ ಇರುತ್ತೆ, ನಾನು ದಿನಾ ನೋಡ್ತಿದ್ದೀನಿ ಅಂತ. ಅಪ್ಪ "ಅದು ನನ್ನದೇ ಸಾರ್" ಅಂದರು. ಓನರ್ ನಂಬಲಿಲ್ಲ. ಮೂರು ಹುಡುಗಿಯರು ಹೇಳಿದರು, ನಂಬಲಿಲ್ಲ. ಅಮ್ಮ ಫೋನಲ್ಲಿ ಹೇಳಿದರು, ಮಗಳ ಪರ ಮಾತಾಡ್ತಾರೆ ಅಂದುಕೊಂಡರು. ಆ ಹದಿನೈದು ದಿನ ಅವಳು ಮೆಟ್ಟಿಲು ಇಳಿಯುವಾಗ ತಲೆ ತಗ್ಗಿಸಿಕೊಂಡೇ ಇಳೀತಿದ್ದಳು. ತಪ್ಪು ಮಾಡದಿದ್ದರೂ ಯಾಕೆ ಹಾಗೆ ಇಳೀತಿದ್ದೆ ಅಂತ ಈಗ ಅವಳಿಗೇ ಅರ್ಥ ಆಗ್ತಿಲ್ಲ.

ಕೊನೆಗೆ ಅಪ್ಪ ರಾತ್ರಿ ಬಸ್ಸಲ್ಲಿ ಬಂದರು. ಬೆಳಗ್ಗೆ ಏಳು ಗಂಟೆ. ಓನರ್ ಮೆಟ್ಟಿಲ ಕೆಳಗೆ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಾರೆ. ಅಪ್ಪ ಒಂದು ಮಾತೂ ಆಡದೆ ಮೇಲೆ ಹೋಗಿ, ಹಾಕ್ಕೊಂಡು ಬಂದಿದ್ದ ಶೂ ಬಿಚ್ಚಿ, ಆ ಕಂದು ಚಪ್ಪಲಿಗೆ ಕಾಲು ತೂರಿಸಿ, ಟಪಟಪ ಅಂತ ಇಳಿದು ಬಂದು ಅವರ ಮುಂದೆ ನಿಂತರು. ಸರಿಯಾಗಿ ಕೂತಿತ್ತು. ಹೆಬ್ಬೆರಳಿನ ಗುರುತು ಸಮೇತ.

"ಅಲ್ಲ ಸಾರ್, ನಮ್ಮ ಜವಾಬ್ದಾರಿ ಅಂತ ಕೇಳಿದ್ದು" ಅಂದರು ಓನರ್.

ಇದನ್ನ ಅವಳು ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕಿದ್ವಿ, ಅವಳೂ ನಕ್ಕಳು. ಆಮೇಲೆ ಅವಳು ಚಪ್ಪಲಿಯನ್ನ ಎಲ್ಲಿಟ್ಟಳು ಅಂತ ಕೇಳಿದೆ. ಅಲ್ಲೇ, ಬಾಗಿಲ ಮುಂದೇನೇ ಅಂದಳು.

ಕಾಮೆಂಟ್ಸ್ ತೆರೆದಿದೆ. ಹಂಚಿಯ ಥರದ್ದು, ಮೀನಿನ ಥರದ್ದು, ಯಾವುದೇ ಕಥೆ ನಿಮ್ಮನೇಲಿ ಯಾರಿಗಾದ್ರೂ ಗೊತ್ತಿದ್ರೆ ಈ ಭಾನುವಾರ ಕೇಳಿ ಬರೆದು ಹಾಕಿ. ಅರ್ಧ ನೆನಪಿದ್ರೆ ಅರ್ಧವೇ ಹಾಕಿ. ಊರು ಬರೀರಿ, ಹೇಳಿದವರು ನಿಮಗೆ ಏನಾಗಬೇಕು ಅಂತ ಬರೀರಿ, ಅವರು ಒಪ್ಪಿದ್ರೆ ಹೆಸರೂ ಬರೀರಿ. ದುವಾನ್ ಬರೆದಿದ್ದನಲ್ಲ, ಹಾಗೆ.